ಬಿಡ್ತಾ ಇದ್ದೀನಿ

ಸೆಪ್ಟೆಂಬರ್ ೮

ಮೊಂಡನಿಗೆ,

ನಾವು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶುರುಮಾಡುವ ಪತ್ರ ಇದಲ್ಲ. ಜೀವವೊಂದು ಉಳಿದಿದೆ, ಅಷ್ಟೆ. ನಾನು, ನಿನ್ನ ಭಾವ, ಮಗಳು ಮೂವರೂ ಗುಡ್ಡದ ಮೇಲಿನ ಶಾಲೆಯಲ್ಲಿದ್ದೇವೆ. ಐದನೇ ತರಗತಿಯ ಕೋಣೆ. ಬೆಂಚುಗಳನ್ನು ಅಡ್ಡ ನಿಲ್ಲಿಸಿಕೊಂಡು ಮೂಲೆಗೊಂದು ಸಂಸಾರ ಹೂಡಿದ್ದೇವೆ. ಒಬ್ಬರು ಕೆಮ್ಮಿದರೆ ಎಲ್ಲರಿಗೂ ಎಚ್ಚರವಾಗುತ್ತದೆ.

ಊರಿನ ಫೋನ್ ಟವರು ನೀರು ನುಗ್ಗಿದ ದಿನವೇ ಸಿಡಿಲು ಹೊಡೆದು ಸುಟ್ಟುಹೋಗಿದೆ. ನಿಮ್ಮ ಆಣೆಕಟ್ಟಿನ ಕಡೆಗೆ ಗುಡ್ಡದ ದಾರಿ ಸುತ್ತಿಕೊಂಡು ಹೋಗುವುದು ಹಾಲಿನ ವ್ಯಾನ್ ಒಂದೇ. ಅದರ ಡ್ರೈವರ್ ಕೈಗೆ ಇದನ್ನು ಕೊಡುತ್ತಿದ್ದೇನೆ.

ಕೆಳಗಿನ ಬೀದಿ ಪೂರ್ತಿ ಮುಳುಗಿತು. ನನ್ನ ಹೊಲಿಗೆ ಅಂಗಡಿಯಲ್ಲಿ ನೀರು ಕತ್ತರಿ ನೇತುಹಾಕುವ ಮೊಳೆಯವರೆಗೂ ಬಂದಿತ್ತು. ನಿನ್ನೆ ಇಳಿದು ನೋಡಿದೆ. ಮೆಷಿನ್ನಿನ ಚಕ್ರ ತಿರುಗಿಸಿದರೆ ಸೂಜಿಯ ಕೆಳಗಿನಿಂದ ಕೆಸರು ಬರುತ್ತದೆ. ಶಾಲೆಯ ಮಕ್ಕಳ ಸಮವಸ್ತ್ರಗಳನ್ನು ಹೊಲಿದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಕಟ್ಟುಕಟ್ಟಾಗಿ ಇಟ್ಟಿದ್ದೆ. ಈಗ ನೀಲಿ ಯಾವುದು, ಬಿಳಿ ಯಾವುದು ಎಂದು ಹೊಲಿದ ನನಗೇ ಗುರುತು ಸಿಗಲಿಲ್ಲ.

ಮಳೆ ಬಂತು, ಗುಡುಗು ಬಂತು, ಅದಕ್ಕೆ ಯಾರನ್ನೂ ಬಯ್ಯುವುದಿಲ್ಲ. ಆದರೆ ಗೇಟು ಎತ್ತಿದ್ದು ಮಳೆಯಲ್ಲ, ನೀನು. ಇಲ್ಲಿ ಬ್ರೆಡ್ಡಿನ ಸಾಲಿನಲ್ಲಿ ನಿಂತವರೆಲ್ಲ ಗೇಟಿನವನಿಗೆ ಹಿಡಿಶಾಪ ಹಾಕುತ್ತಾರೆ. ನಾನು ಆ ಗೇಟಿನವನ ಅಕ್ಕ ಎಂದು ನೆನಪಾದ ಕೂಡಲೇ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದು ಸುಮ್ಮನಾಗುತ್ತಾರೆ. ಬಯ್ಗುಳವನ್ನಾದರೂ ತಡೆದುಕೊಳ್ಳಬಹುದು, ಆ ಮೌನವನ್ನಲ್ಲ.

ಒಂದು ಮಾತು ಹೇಳಬಾರದಿತ್ತೇನೋ? ಆವತ್ತು ಸಂಜೆ ಫೋನ್ ಮಾಡಿದ್ದೆಯಲ್ಲ! ಕಿವಿ ಕಿತ್ತುಹೋಗುವ ಗುಡುಗಿನಲ್ಲೂ ನಿನಗೆ ನಿನ್ನ ಕೆಲಸದ ಗೋಳೇ ದೊಡ್ಡದಾಯಿತು. ಅದೇ ಬಾಯಲ್ಲಿ “ಅಕ್ಕಾ, ನೀರು ಬರ್ತಿದೆ, ಮೇಲಕ್ಕೆ ಹೋಗಿ” ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಉತ್ತರ ಬರೆ. ಇದ್ದರೆ.

ಅಕ್ಕ


ಸೆಪ್ಟೆಂಬರ್ ೧೧

ಅಕ್ಕಾ,

ನೀವು ಮೂವರೂ ಬದುಕಿದ್ದೀರಿ ಎನ್ನುವ ಸಾಲನ್ನು ಓದಿ ಗೋಡೆಗೊರಗಿ ಕುಳಿತೆ. ಕೆಳಗಿನ ಬೀದಿಯ ಕಡೆಯಿಂದ ಇಲ್ಲಿಗೆ ಇಷ್ಟು ದಿನ ಒಂದು ನರಪಿಳ್ಳೆಯ ಸುದ್ದಿಯೂ ಬಂದಿರಲಿಲ್ಲ. ಆಮೇಲೆ ಉಳಿದದ್ದನ್ನು ಓದಿದೆ. ಮೈ ಉರಿದುಹೋಯಿತು.

ಹೇಳಬಾರದಿತ್ತೇ ಎನ್ನುತ್ತೀಯಲ್ಲ, ನಾನು ಹೇಳಿದ್ದು ಇನ್ನೇನನ್ನು? ಗೇಟು ಎತ್ತುವ ಮೊದಲು ಸೈರನ್ ಕೂಗಿಸಬೇಕು. ಸೈರನ್ ಕೆಟ್ಟು ಯಾವ ಕಾಲವಾಯಿತೋ, ನಾನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದೇನೆ. ಊರಿನ ಕಚೇರಿಗೆ ಫೋನ್ ಮಾಡಬೇಕು. ಮಾಡಿದೆ. ಗಂಟೆ ಬಾರಿಸಿ ಬಾರಿಸಿ ಅದೇ ಸುಸ್ತಾಗಿ ನಿಂತಿತು, ಎತ್ತುವವರು ಯಾರೂ ಇರಲಿಲ್ಲ. ಆಗ ನಿನಗೆ ಮಾಡಿದೆ.

ನಾನು ಏನಂದೆ ಎಂದು ಒಂದಕ್ಷರ ಬಿಡದೆ ಬರೆಯುತ್ತೇನೆ. “ಅಕ್ಕಾ, ಬಿಡ್ತಾ ಇದ್ದೀನಿ. ಇನ್ನು ತಡೆಯೋಕಾಗಲ್ಲ. ಎಲ್ಲರಿಗೂ ಹೇಳಿಬಿಡು.” ಅದಕ್ಕೆ ನೀನು ಏನಂದೆ, ನೆನಪಿದೆಯೇ? “ಬಿಡು ಬಿಡು, ಇಷ್ಟು ದಿನ ತಡೆದಿದ್ದೇ ಹೆಚ್ಚು!” ಅಂದೆ. ಅಷ್ಟರಲ್ಲಿ ಲೈನ್ ಕಡಿದುಹೋಯಿತು. ನಮ್ಮಕ್ಕ ಎಂಥ ಗಟ್ಟಿಗಿತ್ತಿ, ಇಷ್ಟು ದೊಡ್ಡ ಸುದ್ದಿಗೂ ಜಗ್ಗಲಿಲ್ಲ, ಇನ್ನು ಊರನ್ನೆಲ್ಲ ಎಬ್ಬಿಸಿ ಮೇಲೆ ಹತ್ತಿಸುತ್ತಾಳೆ ಎಂದು ಕಾವಲುಗಾರನ ಮುಂದೆ ಹೆಮ್ಮೆಯಿಂದ ಹೇಳಿಕೊಂಡೆ.

ಈಗ ನೋಡಿದರೆ ನಾನು ಕೆಲಸದ ಗೋಳು ಹೇಳಿದೆ ಅನ್ನುತ್ತೀಯ. ಊರಿನವರಿಗೆ ಹೆದರಿ ಹೀಗೆ ಬರೆದೆಯಾ? ಪಕ್ಕದಲ್ಲಿ ಯಾರಾದರೂ ಕೂತು ಓದುತ್ತಿದ್ದರಾ? ಹಾಗಿದ್ದರೆ ಅದನ್ನಾದರೂ ಹೇಳು. ಜನ ಕಲ್ಲು ಹೊಡೆಯಲಿ. ನೀನು ನನ್ನನ್ನು ಬಿಟ್ಟುಕೊಟ್ಟರೆ ಅದು ಬೇರೆಯೇ ನೋವು.

ನನ್ನ ಚಿಂತೆ ಬೇಡ. ಎಂದಿನಂತೆ ಡ್ಯೂಟಿ ಮಾಡಿಕೊಂಡು ಇದ್ದೇನೆ. ಬೇಕರಿ ದೊಡ್ಡಮ್ಮ ಹೇಗಿದ್ದಾಳೆ? ಅಮ್ಮ ಹೋದ ಮೇಲೆ ನನಗೆ ಬಿಸಿ ಬನ್ನು ತಿನ್ನಿಸಿ ಶಾಲೆಗೆ ಅಟ್ಟುತ್ತಿದ್ದವಳು. ಆ ಮೊಣಕಾಲು ಇಟ್ಟುಕೊಂಡು ಶಾಲೆಯ ಗುಡ್ಡ ಹೇಗೆ ಹತ್ತಿದಳೋ.

ನಿನ್ನ ತಮ್ಮ


ಸೆಪ್ಟೆಂಬರ್ ೧೩

ತಮ್ಮಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆಮೇಲೆ ಸಿಟ್ಟು ಬಂತು. ಈಗಲೂ ಸಿಟ್ಟೇ ಇದೆ, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿಲ್ಲ.

ಬಿಡ್ತಾ ಇದ್ದೀನಿ ಅಂದರೆ ನೀರು ಎಂದು ನನಗೇನು ಕನಸು ಬಿದ್ದಿತ್ತೇ? ಆ ಕೆಲಸಕ್ಕೆ ಸೇರಿದ ಲಾಗಾಯ್ತಿನಿಂದ ನೀನು ಬಿಡುತ್ತಲೇ ಇದ್ದೀಯ! ಸೈರನ್ ಕೆಟ್ಟಾಗ ಬಿಡ್ತೀನಿ ಅಂದೆ. ಗೇಟಿನ ಮೋಟಾರು ಸುಟ್ಟಾಗ ಬಿಡ್ತೀನಿ ಅಂದೆ. ದೊಡ್ಡ ಇಂಜಿನಿಯರು ಎಲ್ಲರೆದುರು ಗದರಿದಾಗ ಪೆಟ್ಟಿಗೆಯನ್ನೇ ಕಟ್ಟಿದ್ದೆ. “ಅಕ್ಕಾ, ಇನ್ನು ತಡೆಯೋಕಾಗಲ್ಲ” ಎನ್ನುವುದು ನಿನ್ನ ಪಲ್ಲವಿ. ನಮ್ಮ ಮನೆಯಲ್ಲಿ ಆ ಮಾತಿಗೆ ಯಾರೂ ತಲೆ ಎತ್ತಿ ನೋಡುವುದೂ ಇಲ್ಲ. ನೀರು ಎನ್ನುವ ಎರಡಕ್ಷರಕ್ಕೆ ನಿನ್ನ ಬಾಯಲ್ಲಿ ಬರ ಬಂದಿತ್ತೇ?

ನಾನು ಕಾಲರ್ ಹೊಲಿಯುತ್ತಿದ್ದೆ. ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನಿನಗೆ ಉತ್ತರ ಕೊಟ್ಟೆ. ಇಷ್ಟು ದಿನ ತಡೆದಿದ್ದೇ ಹೆಚ್ಚು ಎಂದದ್ದು ನಿನ್ನ ತಾಳ್ಮೆಗೆ ಕಣೋ, ನಿನ್ನ ನೀರಿಗಲ್ಲ!

ಎಲ್ಲರಿಗೂ ಹೇಳು ಅಂದೆ. ಅದನ್ನೂ ಮಾಡಿದೆ. ನಿನ್ನ ಭಾವ ಗ್ಯಾರೇಜಿನಿಂದ ಬಂದು ಕೈ ಒರೆಸಿಕೊಳ್ಳುತ್ತಿದ್ದರು. “ನಮ್ಮ ಗೇಟಿನವನು ಬಿಡ್ತಾನಂತೆ, ಇನ್ನು ತಡೆಯೋಕಾಗಲ್ವಂತೆ” ಅಂದೆ. “ಈ ವರ್ಷಕ್ಕೆ ಇದು ಎಷ್ಟನೇ ಸಲ?” ಅಂದರು. ಇಬ್ಬರೂ ನಕ್ಕೆವು. ಅವರು ಬ್ರೆಡ್ಡು ತರಲು ಹೋದರು, ನಾನು ಕಾಲರ್ ಮುಗಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಮಾತು ಸರಿಯಾಗಿಯೇ ಬಂದಿತ್ತು, ನಾವೇ ಕೆಟ್ಟೆವು.

ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಭಾವನಿಗೆ ನಿನ್ನ ಪತ್ರ ತೋರಿಸಿದೆ. ಅವರು ಓದಿ, ಮಡಿಸಿ, ಏನೂ ಹೇಳದೆ ಹೊರಗೆ ಹೋದರು. ಅವರ ಬಾಯಿಯಿಂದ ಮಾತು ಹೊರಡಿಸುವುದಕ್ಕಿಂತ ತುಕ್ಕು ಹಿಡಿದ ನಟ್ಟು ಬಿಚ್ಚುವುದು ಸುಲಭ.

ಟವರ್ ಸರಿಹೋದರೂ ಫೋನ್ ಮಾಡಬೇಡ. ಫೋನಿನಲ್ಲಿ ಮಾತಾಡಿದ್ದು ಸಾಕು. ಏನಿದ್ದರೂ ಬರೆ, ಪೂರ್ತಿ ವಾಕ್ಯ ಬರೆ. ಯಾರು, ಏನನ್ನು, ಎಲ್ಲಿಗೆ ಎಂದು ಬಿಡಿಸಿ ಬರೆ.

ಅಕ್ಕ


ಸೆಪ್ಟೆಂಬರ್ ೧೭

ಅಕ್ಕಾ,

ನಾನು, ನೀರನ್ನು, ನದಿಗೆ ಬಿಟ್ಟೆ. ಸಾಕೇ?

ಇಲ್ಲಿ ಬಿಡುವುದು ಎಂದರೆ ನೀರು. ಬೇರೇನೂ ಅಲ್ಲ. “ಬೆಳಿಗ್ಗೆ ಬಿಟ್ರಾ?”, “ಎಷ್ಟು ಬಿಟ್ರಿ?”, “ಸದ್ಯಕ್ಕೆ ಬಿಡಬೇಡಿ” ಎಂದೇ ನಮ್ಮ ದಿನ ಕಳೆಯುತ್ತದೆ. ಯಾರೂ ನೀರು ಎಂದು ಸೇರಿಸುವುದಿಲ್ಲ. ನೀನು ಬಟ್ಟೆಯನ್ನು ಅಳತೆ ಹಿಡಿಯುವಾಗ “ಸ್ವಲ್ಪ ಒಳಗೆ ಬಿಟ್ಟಿದ್ದೀನಿ” ಎನ್ನುತ್ತೀಯಲ್ಲ, ಏನನ್ನು ಎಂದು ಯಾರಾದರೂ ಕೇಳುತ್ತಾರೆಯೇ? ಆಣೆಕಟ್ಟಿನ ಮೇಲೆ ನಿಂತು, ಆ ಮಳೆಯಲ್ಲಿ, ಬಿಡ್ತಾ ಇದ್ದೀನಿ ಎಂದವನಿಗೆ ರಾಜೀನಾಮೆ ಕೊಡುವ ಪುರುಸೊತ್ತು ಇರುತ್ತದೆಯೇ? ಅಷ್ಟು ಯೋಚಿಸಬಾರದಿತ್ತೇ?

ಇನ್ನೊಂದು ವಿಷಯವಿದೆ. ಬರೆಯಬಾರದು ಎಂದುಕೊಂಡಿದ್ದೆ. ನಿನ್ನ ನಗುವಿನ ಪುರಾಣ ಓದಿದ ಮೇಲೆ ಮುಚ್ಚಿಡಲು ಮನಸ್ಸಿಲ್ಲ.

ನಿನ್ನ ಮಾತು ಕೇಳಿದ ಮೇಲೂ ನಾನು ತಕ್ಷಣ ಗೇಟು ಎತ್ತಲಿಲ್ಲ. ತಡೆದೆ. ಅಕ್ಕ ಬೀದಿಬೀದಿ ಸುತ್ತಿ ಹೇಳುತ್ತಿರುತ್ತಾಳೆ, ಮುದುಕರು ಮಕ್ಕಳು ಹತ್ತಬೇಕಲ್ಲ, ಸ್ವಲ್ಪ ಹೊತ್ತು ಕೊಡೋಣ ಎಂದು ಕಾದೆ. ಗೋಡೆಯ ಮೇಲಿನ ಕೆಂಪು ಗೆರೆ ಮುಳುಗಿತು. ಕಾವಲುಗಾರ ನನ್ನ ಅಂಗಿ ಹಿಡಿದು ಜಗ್ಗಿ, “ಕಟ್ಟೆ ಒಡೆದ್ರೆ ಊರೇ ಇರಲ್ಲ ಸ್ವಾಮಿ, ಎತ್ತಿ” ಎಂದು ಕೂಗಿದ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದೆ. ಕೊನೆಗೆ ಎತ್ತುವಾಗ ಎಲ್ಲ ಗೇಟುಗಳನ್ನೂ ಒಟ್ಟಿಗೆ ಎತ್ತಬೇಕಾಯಿತು. ಕರೆಂಟಿಲ್ಲ. ಇಬ್ಬರೂ ಕೈಯಲ್ಲೇ ಹ್ಯಾಂಡಲ್ ತಿರುಗಿಸಿದೆವು. ಮೊದಲೇ ಸ್ವಲ್ಪಸ್ವಲ್ಪವಾಗಿ ಬಿಟ್ಟಿದ್ದರೆ ನೀರು ನಿಮ್ಮ ಹೊಸಿಲು ನೆನೆಸಿ ಹೋಗುತ್ತಿತ್ತಂತೆ, ಇಂಜಿನಿಯರು ಹೇಳುತ್ತಾರೆ. ನೀವು ಗುಡ್ಡ ಹತ್ತುತ್ತಿದ್ದೀರಿ ಎಂದು ನಾನು ಕಾಯುತ್ತಿದ್ದೆ. ನೀವು ನಗುತ್ತಿದ್ದಿರಿ.

ಡ್ಯೂಟಿಯಲ್ಲಿದ್ದೇನೆ ಎಂದು ಬರೆದದ್ದು ಸುಳ್ಳು. ಅಮಾನತು ಮಾಡಿ ಬೀಗದ ಕೈ ಇಸಕೊಂಡಿದ್ದಾರೆ. ಕ್ವಾರ್ಟರ್ಸ್ ಬಿಟ್ಟು ಕದಲುವಂತಿಲ್ಲ. ವಿಚಾರಣೆಗೆ ಒಬ್ಬ ಅಧಿಕಾರಿ ಬಂದಿದ್ದಾರೆ. ಅವರದ್ದು ಒಂದೇ ಪ್ರಶ್ನೆ: “ಕೆಳಗಿನ ಊರಲ್ಲಿ ಯಾರಿಗೆ ತಿಳಿಸಿದೆ?” ತಿಳಿಸಿದ್ದೆ ಎಂದಾದರೆ ಹೇಗೋ ಪಾರಾಗಬಹುದು, ಇಲ್ಲದಿದ್ದರೆ ಜೈಲೇ ಗತಿ ಎಂದು ಇಲ್ಲಿಯವರ ಮಾತು. ಇನ್ನೂ ಉತ್ತರ ಕೊಟ್ಟಿಲ್ಲ.

ಬೇಕರಿ ದೊಡ್ಡಮ್ಮನ ವಿಷಯ ಕೇಳಿದ್ದೆ. ಸಿಟ್ಟಿನಲ್ಲಿ ಮರೆತಿರಬೇಕು. ಬರೆ.

ತಮ್ಮ


ಸೆಪ್ಟೆಂಬರ್ ೨೬

ತಮ್ಮಾ,

ಮರೆತಿರಲಿಲ್ಲ. ಬೇಕರಿ ದೊಡ್ಡಮ್ಮ ಇಲ್ಲ. ಆವತ್ತೇ ಹೋದಳು.

ಬೇಕರಿಯ ಉಗ್ರಾಣ ಬೀದಿಗಿಂತ ಕೆಳಗಿದೆ, ನಿನಗೆ ಗೊತ್ತು. ಮೈದಾ ಮೂಟೆಗಳ ಮೇಲೆ ಮಲಗಿಕೊಂಡು ಬೆಳೆದವನು ನೀನು. ಅವಳು ಕೆಳಗೆ ಇಳಿದಿದ್ದಳು. ನೀರು ನುಗ್ಗಿದ ರಭಸಕ್ಕೆ ಬಾಗಿಲು ಹಾಕಿಕೊಂಡಿತು. ದೊಡ್ಡಪ್ಪ ಹೊರಗಿನಿಂದ ತಳ್ಳಿದರು, ನಿನ್ನ ಭಾವ ಹೋಗಿ ತಳ್ಳಿದರು, ಆಗಲಿಲ್ಲ. ಇದನ್ನು ಬರೆಯಲು ಕುಳಿತಾಗಲೆಲ್ಲ ಎದ್ದು ಹೋಗುತ್ತಿದ್ದೆ. ಅದಕ್ಕೇ ಇಷ್ಟು ದಿನವಾಯಿತು.

ದೊಡ್ಡಪ್ಪ ಇದೇ ಕೋಣೆಯಲ್ಲಿದ್ದಾರೆ. ಬೆಂಚಿನ ಆಚೆ ಅವರು, ಈಚೆ ನಾನು. ಎಲ್ಲರೂ ನಿನ್ನನ್ನು ಬಯ್ಯುವಾಗ ಅವರೊಬ್ಬರು ಬಯ್ಯುವುದಿಲ್ಲ. ಮೊನ್ನೆ ಯಾರೋ ಅವರ ಮುಂದೆಯೇ, “ಒಂದು ಮಾತು ತಿಳಿಸಿದ್ರೆ ಆಯಮ್ಮ ಬದುಕ್ತಿದ್ಲು” ಅಂದರು. ನಾನು ಹೊದಿಕೆ ಎಳೆದುಕೊಂಡೆ. ತಿಳಿಸಿದ್ದನಲ್ಲಪ್ಪ! ತಿಳಿಸಿದ ಮಾತು ನನ್ನ ಹತ್ತಿರ ಇತ್ತಲ್ಲ! ಹೊದಿಕೆಯೊಳಗೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ನಿನ್ನ ಭಾವ ನೋಡಿದರು. “ಅವನು ನೀರು ಬಿಟ್ಟ, ನೀನು ಕಣ್ಣೀರು ಬಿಡ್ತಿದ್ದೀಯ, ನಾನು ಊರು ಬಿಡ್ಲಾ?” ಅಂದರು. ನಗಿಸಲು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ತಿಂಗಳ ಕೊನೆಗೆ ಅಧಿಕಾರಿ ಇಲ್ಲಿಗೂ ಬರುತ್ತಾರಂತೆ. ಶಾಲೆಯ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಕೇಳುತ್ತಾರಂತೆ. ನಾನು ಎದ್ದು ಹೇಳುತ್ತೇನೆ. ಆಮೇಲೆ ಈ ಊರಿನಲ್ಲಿ ನನ್ನ ಹತ್ತಿರ ಒಂದು ಗುಂಡಿ ಹಾಕಿಸಲೂ ಯಾರೂ ಬರಲಿಕ್ಕಿಲ್ಲ. ಬರದಿದ್ದರೆ ಬೇಡ. ನನ್ನ ಕಿವಿಯ ತಪ್ಪಿಗೆ ನೀನು ಜೈಲಿಗೆ ಹೋಗುವುದು ನನಗೆ ಬೇಕಿಲ್ಲ. ನೀನೂ ಇದ್ದದ್ದನ್ನು ಇದ್ದ ಹಾಗೆ ಹೇಳು. ಅಷ್ಟೇ ಕೇಳಿಕೊಳ್ಳುವುದು.

ಅಕ್ಕ


ಸೆಪ್ಟೆಂಬರ್ ೨೮

ಅಕ್ಕಾ,

ನಿನ್ನಿಂದ ಒಂದು ಸಾಲೂ ಇಲ್ಲ. ಗುಡ್ಡದ ದಾರಿಯಲ್ಲಿ ಮಣ್ಣು ಕುಸಿದು ವ್ಯಾನ್ ಆ ಕಡೆಯೇ ನಿಂತಿದೆ ಎಂದು ಕಾವಲುಗಾರ ಹೇಳುತ್ತಾನೆ. ನಿನಗೆ ಬರೆಯಲು ಭಯ ಎಂದು ನನ್ನ ಮನಸ್ಸು ಹೇಳುತ್ತದೆ. ನನ್ನ ಹಿಂದಿನ ಪತ್ರ ಖಾರವಾಯಿತು. ನೀವು ನಗುತ್ತಿದ್ದಿರಿ ಎಂದು ಬರೆಯಬಾರದಿತ್ತು. ನಗುವವರಿಗೆ ಏನು ಗೊತ್ತಿತ್ತು?

ಹೆದರಬೇಡ. ನಿನ್ನೆ ಹೇಳಿಕೆ ಕೊಟ್ಟೆ. ಕೆಳಗಿನ ಊರಿನಲ್ಲಿ ಯಾರಿಗೂ ತಿಳಿಸಲಿಲ್ಲ ಎಂದು ಬರೆಸಿದೆ. ಅಕ್ಕನಿಗೆ ಫೋನ್ ಮಾಡಿದ್ದು ಹೌದು, ಅದು ಕೆಲಸ ಬಿಡುತ್ತೇನೆಂದು ಹೇಳಲು, ನೀರಿನ ವಿಷಯ ಬರಲಿಲ್ಲ ಎಂದೂ ಬರೆಸಿದೆ. ನೀನು ಕೇಳಿಸಿಕೊಂಡದ್ದನ್ನೇ ಹೇಳಿದ್ದೇನೆ, ಅದರಲ್ಲಿ ಸುಳ್ಳೇನಿದೆ? ಅಧಿಕಾರಿಗೆ ಎಷ್ಟು ಹಗುರವಾಯಿತೆಂದರೆ ನನಗೆ ಚಹಾ ತರಿಸಿಕೊಟ್ಟರು. ಸೈರನ್ನಿನ ಸುದ್ದಿಯನ್ನು ಆಮೇಲೆ ಯಾರೂ ಎತ್ತಲಿಲ್ಲ.

ನಿನಗೆ ತಿಳಿಸಿದ್ದೆ ಎಂದರೆ ಮುಂದಿನ ಪ್ರಶ್ನೆ ಏನಿರುತ್ತದೆ ಹೇಳು? ಹಾಗಾದರೆ ಅವಳು ಏನು ಮಾಡಿದಳು ಎಂದು. ನೀನು ಆ ಊರಿನಲ್ಲಿ ಬಾಳಬೇಕು. ಅವರ ಮಕ್ಕಳಿಗೆ ಅಂಗಿ ಹೊಲಿಯಬೇಕು. ನಾನಾದರೋ ಹೇಗಿದ್ದರೂ ಬಿಡುವವನೇ. ಕೆಲಸವನ್ನು. ನೋಡು, ಪೂರ್ತಿ ವಾಕ್ಯ ಬರೆಯುವುದನ್ನು ಕಲಿತಿದ್ದೇನೆ.

ಯಾರು ಕೇಳಿದರೂ ಬಾಯಿ ಬಿಡಬೇಡ. ಬೇಕರಿ ದೊಡ್ಡಮ್ಮನಿಗೆ ಹೇಳು, ಕೆಲಸ ಹೋದರೆ ಬಂದು ಅವಳ ಒಲೆಯ ಮುಂದೆ ಕೂರುತ್ತೇನೆ, ಓಡಿಸಿದರೂ ಹೋಗುವುದಿಲ್ಲ ಎಂದು.

ತಮ್ಮ


ಅಕ್ಟೋಬರ್ ೨

ಮಹಾನುಭಾವಾ,

ನಿನ್ನ ಪತ್ರ ಇವತ್ತು ಬಂತು, ಕುಸಿದ ಮಣ್ಣನ್ನು ನಡೆದು ದಾಟಿದ ಆಳೊಬ್ಬನ ಕೈಯಲ್ಲಿ. ಎರಡು ದಿನ ಮೊದಲು ಬಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ನಮ್ಮಿಬ್ಬರಿಗೇ ಹೇಳಿದ ಗಾದೆ. ಎತ್ತು ಯಾರು, ಕೋಣ ಯಾರು ಎಂದು ನಾನು ಹೇಳಬೇಕಿಲ್ಲ.

ಶಾಲೆಯ ಹಾಲಿನಲ್ಲಿ ಊರೆಲ್ಲ ಕುಳಿತಿತ್ತು. ಮಣ್ಣು ಕುಸಿದ ಕಡೆ ನಡೆದೇ ದಾಟಿ ಬಂದ ಅಧಿಕಾರಿ ಮೇಜಿನ ಹಿಂದೆ, ಪಕ್ಕದಲ್ಲಿ ಬರೆದುಕೊಳ್ಳುವವನೊಬ್ಬ. ನಾನು ಎದ್ದೆ. ಮುಂದಿನ ಕುರ್ಚಿ ಹಿಡಿದುಕೊಂಡೆ. “ನನ್ನ ತಮ್ಮ ನನಗೆ ತಿಳಿಸಿದ್ದ ಸ್ವಾಮಿ. ನಾನೇ ತಪ್ಪು ತಿಳ್ಕೊಂಡೆ” ಎಂದು ನಿನ್ನ ಮಾತು, ನನ್ನ ಮಾತು ಎರಡನ್ನೂ ಹೇಳಿದೆ. ಇನ್ನೇನು ಎಲ್ಲರೂ ಮೈಮೇಲೆ ಬೀಳುತ್ತಾರೆ ಎಂದು ಕಾದೆ.

ಅಧಿಕಾರಿ ನಕ್ಕರು. ಒಂದು ಹಾಳೆ ತೆಗೆದು ನಿನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. “ನೋಡಮ್ಮಾ, ತಮ್ಮನ ಮೇಲೆ ಪ್ರೀತಿ ಇರ್ಬೇಕು. ಆದ್ರೆ ಅವನೇ ಒಪ್ಕೊಂಡ ಮೇಲೆ ನೀವ್ಯಾಕೆ ಸುಳ್ಳು ಹೇಳ್ತೀರಿ? ಬಿಡ್ತೀನಿ ಅಂದ್ರೆ ನೀರಂತೆ! ಚೆನ್ನಾಗಿ ಹೊಲಿದಿದ್ದೀರಿ” ಅಂದರು. ನಾನು ಕೂಗಾಡಿದೆ. ಸುಳ್ಳು ಹೇಳಿದ್ದು ಅವನು, ನಾನಲ್ಲ ಅಂದೆ. ಕೂಗಿದಷ್ಟೂ ಅವರ ಕಣ್ಣಲ್ಲಿ ಕನಿಕರ ಹೆಚ್ಚಾಯಿತು. ಬರೆದುಕೊಳ್ಳುವವನು ಪೆನ್ನಿನ ಮುಚ್ಚಳ ಹಾಕಿದ.

ಆಮೇಲೆ ಏನಾಯಿತು ಗೊತ್ತೇ? ಊರಿನವರು ಬಯ್ಯಲಿಲ್ಲ. ಮೊಣಕೈ ತಿವಿಯುತ್ತಿದ್ದ ಹೆಂಗಸರೇ ಬಂದು ನನ್ನ ಬೆನ್ನು ಸವರಿದರು. “ಒಡಹುಟ್ಟಿದವರು ಅಂದ್ರೆ ಹೀಗಿರ್ಬೇಕು, ತಮ್ಮನಿಗೋಸ್ಕರ ತಪ್ಪನ್ನ ಮೈಮೇಲೆ ಎಳ್ಕೊಂಡ್ಲು ನೋಡಿ” ಅಂದರು. ಬ್ರೆಡ್ಡಿನ ಸಾಲಿನಲ್ಲಿ ಈಗ ನನ್ನನ್ನು ಮುಂದೆ ಬಿಡುತ್ತಾರೆ. ಹುಟ್ಟಿದ ಮೇಲೆ ಮೊದಲ ಸಲ ಊರಿನ ಮುಂದೆ ನಿಂತು ಒಂದು ನಿಜ ಹೇಳಿದೆ, ಅದಕ್ಕೆ ಸುಳ್ಳಿ ಎಂದು ಸನ್ಮಾನವಾಯಿತು. ಈ ಸನ್ಮಾನ ನೀನು ಮಾಡಿಸಿದ್ದು. ನಿನ್ನನ್ನು ಯಾರು ಕೇಳಿದ್ದರು?

ದೊಡ್ಡಪ್ಪ ಕಿಟಕಿಯ ಪಕ್ಕ ಕುಳಿತಿದ್ದರು. ನಾನು ಮಾತಾಡುವಾಗ ಏನೋ ಹೇಳುವವರಂತೆ ಎದ್ದರು, ಹಾಗೇ ಕುಳಿತರು. ಅವರಿಗೂ ನಾನು ಸುಳ್ಳಿಯೇ. ಹೆಂಡತಿ ಸತ್ತ ದುಃಖದ ಮುಂದೆ ನಿಂತು ನಾಟಕವಾಡಿದಳು ಎಂದುಕೊಂಡಿರುತ್ತಾರೆ. ಆವತ್ತಿನಿಂದ ನನ್ನ ಜೊತೆ ಮಾತಿಲ್ಲ.

ಹೇಳಿಕೆ ಬದಲಾಯಿಸು. ಈಗಲೇ.

ಅಕ್ಕ


ಅಕ್ಟೋಬರ್ ೫

ಅಕ್ಕಾ,

ಮಣ್ಣು ಸರಿಸಿ ದಾರಿ ಬಿಟ್ಟರು. ನಿನ್ನ ಎರಡೂ ಪತ್ರ ಒಟ್ಟಿಗೆ ಬಂದವು. ಮೇಲಿದ್ದದ್ದನ್ನು ಮೊದಲು ಒಡೆದೆ. ಹೆಂಡತಿ ಸತ್ತ ದುಃಖ ಎಂದು ಓದಿ, ಯಾರ ಹೆಂಡತಿ ಎಂದು ಅರ್ಥವಾಗದೆ, ಕೆಳಗಿದ್ದದ್ದನ್ನು ಒಡೆದೆ.

ನಾನು ತಡೆಯದಿದ್ದರೆ ನೀರು ಅವಳ ಹೊಸಿಲಿಗೆ ಬಂದು ನಿಲ್ಲುತ್ತಿತ್ತು.

ಹೇಳಿಕೆ ಬದಲಾಯಿಸುವುದಿಲ್ಲ. ಈಗ ಬದಲಾಯಿಸಿದರೆ ಇಬ್ಬರೂ ಸುಳ್ಳರಾಗುತ್ತೇವೆ. ಮೇಲಾಗಿ ಯಾರಾದರೂ ಒಬ್ಬರು ಹೊರಲೇಬೇಕು, ನಾನು ಹೊರುತ್ತೇನೆ. ನೀನು ಬೇಡ ಅಂದರೂ, ಊರು ಬೇಡ ಅಂದರೂ. ದೊಡ್ಡಪ್ಪನ ಮುಖ ನೋಡುವ ಶಕ್ತಿ ನನಗಿಲ್ಲ, ಇನ್ನು ಆ ಊರಿಗೆ ಬರುವ ಮಾತೇ ಇಲ್ಲ. ಬಾಗಿಲು ಹಾಕಿಕೊಂಡಿದ್ದೇನೆ. ಕಾವಲುಗಾರ ಊಟ ತಂದು ಹೊರಗಿಟ್ಟು ಹೋಗುತ್ತಾನೆ, ತಿನ್ನಬೇಕೆನಿಸಿದರೆ ತಿನ್ನುತ್ತೇನೆ.

ಇನ್ನು ಬರೆಯಬೇಡ.


ಅಕ್ಟೋಬರ್ ೯

ಮೊಂಡಾ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಆ ಮೊಂಡುತನ ನಿನಗೆ ಯಾರಿಂದ ಬಂತು ಅಂದುಕೊಂಡಿದ್ದೀಯ?

ಮೊನ್ನೆ ದೊಡ್ಡಪ್ಪ ಬೇಕರಿ ತೊಳೆಯಲು ಹೋದರು ಎಂದು ಗೊತ್ತಾಯಿತು. ಪೊರಕೆ ತೆಗೆದುಕೊಂಡು ನಾನೂ ಹೋದೆ. ಒಲೆಯ ಬಾಯಿಗೆ ತಲೆ ಹಾಕಿ ಕೆಸರು ಬಾಚುತ್ತಿದ್ದರು. ಬೆನ್ನಿಗೆ ಹೇಳುವುದು ಸುಲಭವೆನಿಸಿತು. “ದೊಡ್ಡಪ್ಪಾ, ಶಾಲೆಯಲ್ಲಿ ನಾನು ಹೇಳಿದ್ದು ಸುಳ್ಳಲ್ಲ” ಅಂದೆ.

“ಗೊತ್ತು” ಅಂದರು.

ಅವರು ತಲೆ ಹೊರಗೆ ತೆಗೆಯಲಿಲ್ಲ. ಹೇಗೆ ಗೊತ್ತು ಎಂದು ಕೇಳಿದೆ.

“ಆವತ್ತು ನಿನ್ನ ಗಂಡ ಬ್ರೆಡ್ಡಿಗೆ ಬಂದಾಗ ಹೇಳಿದ್ರಲ್ಲಮ್ಮ. ಗೇಟಿನವನು ಬಿಡ್ತಾನಂತೆ, ಇನ್ನು ತಡೆಯೋಕಾಗಲ್ವಂತೆ ಅಂತ. ಅಂಗಡೀಲಿ ಇನ್ನೂ ಇಬ್ಬರು ಇದ್ರು, ಅವರೂ ಕೇಳಿಸ್ಕೊಂಡ್ರು. ಎಲ್ಲಾ ನಕ್ವಿ. ಒಳಗೆ ಹೋಗಿ ಇವಳಿಗೂ ಹೇಳ್ದೆ.”

ಆಮೇಲೆ ಅವರು ಒಲೆಯ ಪಕ್ಕ ಕುಳಿತರು. ಕೈಯ ಕೆಸರನ್ನು ಪಂಚೆಗೆ ಒರೆಸಿಕೊಂಡರು. “ಅವಳಿಗೆ ಎಷ್ಟು ಖುಷಿಯಾಯ್ತು ಗೊತ್ತಾ? ಬಿಟ್ರೆ ಊರಿಗೇ ಬರ್ತಾನಲ್ಲ, ನಾಳೆಗೆ ಬನ್ನಿಗೆ ಜಾಸ್ತಿ ಕಲಸಿಡ್ತೀನಿ ಅಂತ ಹಿಟ್ಟು ತರೋಕೆ ಇಳಿದ್ಲು. ಸಭೇಲಿ ಹೇಳೋಣ ಅಂತ ಎದ್ದೆ, ಬಾಯೇ ಬರಲಿಲ್ಲ. ಆ ಮಾತು ನನಗೂ ಬಂದಿತ್ತು ಅಂದ್ರೆ, ಅವಳನ್ನ ಕೆಳಗೆ ಕಳಿಸಿದ್ದು ನಾನೇ ಅಂತ ಆಗ್ತಿತ್ತಲ್ಲ.”

ನಾನು ಕೆಸರಿನಲ್ಲೇ ಕುಳಿತು ಅತ್ತೆ. ನನ್ನಿಂದ ಆಯಿತು ಅಂದೆ, ನಿನ್ನಿಂದ ಆಯಿತು ಅಂದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಕೇಳಿಸಿಕೊಂಡರು. “ದಿನಕ್ಕೆ ಹತ್ತು ಸಲ ಇಳಿಯೋಳು, ಆವತ್ತೂ ಇಳಿದ್ಲು. ನಿಮ್ಮದೇನೂ ಇಲ್ಲ ಅಂತ ನಾನು ಹೇಳಲ್ಲ. ನಂದೇನೂ ಇಲ್ಲ ಅಂತಾನೂ ಹೇಳಲ್ಲ. ಇವರಿಂದಲೇ ಅಂತ ಗೊತ್ತಾಗಿದ್ರೆ ಅವರ ಹತ್ರ ಹೋಗಿ ಜಗಳ ಆಡಿ ಸುಮ್ಮನಾಗ್ತಿದ್ದೆ” ಅಂದರು.

ನಿನ್ನ ಭಾವನನ್ನು ಹಿಡಿದು ಕೇಳಿದೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು. “ನಿನಗೆ ಹೇಳಿದ್ರೆ ನೀನು ಅನ್ನ ಮುಟ್ತಿರಲಿಲ್ಲ” ಅಂದರು. ಈ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಕಾಪಾಡಿ ಕಾಪಾಡಿ ಕೊಲ್ಲುತ್ತಿದ್ದೇವೆ. ಇದನ್ನು ನಿನಗೆ ಬರೆಯದೆ ಮುಚ್ಚಿಟ್ಟು ನಾನೂ ನಿನ್ನನ್ನು ಕಾಪಾಡಬಹುದಿತ್ತು. ನನಗೆ ಸಾಕಾಗಿದೆ.

ನೀನು ಸುಳ್ಳು ಹೊತ್ತುಕೊಂಡು ಜೈಲಿಗೆ ಹೋದರೆ ದೊಡ್ಡಮ್ಮ ಎದ್ದು ಬರುವುದಿಲ್ಲ. ಕೆಟ್ಟ ಸೈರನ್ ಕೆಟ್ಟೇ ಇರುತ್ತದೆ, ಅಷ್ಟೆ. ಇದನ್ನು ಹೇಳಿದ್ದು ನಾನಲ್ಲ, ದೊಡ್ಡಪ್ಪ. “ಅವನು ಹೇಳಿ ಕಳಿಸ್ದ, ನಾವೆಲ್ಲ ಕೇಳಿಸ್ಕೊಂಡ್ವಿ, ಯಾರಿಗೂ ತಿಳೀಲಿಲ್ಲ. ಅದನ್ನ ಹಾಗೇ ಬರೆಸೋಣ. ನನ್ನ ಮುಂದೆ ನಿಂತು ಆ ಅಧಿಕಾರಿ ನಗಲಿ ನೋಡೋಣ” ಅಂದರು. ಅಧಿಕಾರಿ ಇನ್ನೂ ನಿಮ್ಮ ಕಾಲೊನಿಯ ಅತಿಥಿಗೃಹದಲ್ಲೇ ಇದ್ದಾರಂತೆ.

ಇದನ್ನು ನಿನ್ನ ಎದುರು ಬಾಯಿಬಿಟ್ಟು ಹೇಳಲು ನನ್ನಿಂದಾಗುವುದಿಲ್ಲ. ಅದಕ್ಕೇ ವ್ಯಾನಿನಲ್ಲಿ, ಹಾಲಿನ ಕ್ಯಾನುಗಳ ನಡುವೆ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ದಾರಿಯನ್ನು ಬಯ್ಯಿ. ಈ ಪತ್ರವನ್ನು ಡ್ರೈವರ್ ಕೈಗೆ ಕೊಡುವುದಿಲ್ಲ, ನಾನೇ ನಿನ್ನ ಬಾಗಿಲ ಕೆಳಗಿನಿಂದ ತಳ್ಳುತ್ತೇನೆ. ನೀನು ಇದನ್ನು ಓದುವಷ್ಟು ಹೊತ್ತೂ ದೊಡ್ಡಪ್ಪ ಹೊರಗೆ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಈ ವಯಸ್ಸಿನಲ್ಲಿ ಗುಡ್ಡದ ದಾರಿ ಅವರಿಗೆ ಸುಲಭವಲ್ಲ.

ಓದಿ ಮುಗಿಸಿ ಬಾಗಿಲು ತೆಗೆ.

ಅಕ್ಕ